ಯಾರೂ ಕೂರದ ಕಟ್ಟೆ

ನಮ್ಮ ಹೊಸ ಮನೆಯ ಹಾಲ್‌ನಲ್ಲಿ, ಎರಡಾಳೆತ್ತರದಲ್ಲಿ, ಗೋಡೆಯುದ್ದಕ್ಕೂ ಮೊಳದಗಲದ ಒಂದು ಕಟ್ಟೆ ಇತ್ತು. ಹತ್ತಲು ಮೆಟ್ಟಿಲಿಲ್ಲ, ಧೂಳು ಒರೆಸಲು ಕೈ ಎಟುಕುವುದಿಲ್ಲ. ಅದು ಶುರುವಾಗುವಲ್ಲಿ, ಮಹಡಿಯ ಕೋಣೆಯಿಂದ ಹಾಲ್‌ನೊಳಕ್ಕೇ ತೆರೆಯುವ ಒಂದು ಕಿಟಕಿ. ಗಾಳಿಗೂ ಅಲ್ಲ, ಬೆಳಕಿಗೂ ಅಲ್ಲ, ಕೆಳಗೆ ಕೂತವರ ನೆತ್ತಿ ನೋಡುವುದಕ್ಕೆ. ಕಟ್ಟಿಸಿದ ಪುಣ್ಯಾತ್ಮನ ತಲೆಯಲ್ಲಿ ಏನಿತ್ತೋ ದೇವರೇ ಬಲ್ಲ.

ನನ್ನ ಸೊಸೆ ಇಂಥದ್ದಕ್ಕೇ ಕಾಯುತ್ತಿದ್ದವಳು. ಇಂಟರ್ನೆಟ್‌ನಲ್ಲಿ ಇಂಥ ಮನೆಗಳನ್ನು ಗೇಲಿ ಮಾಡುವುದಕ್ಕೆಂದೇ ಒಂದು ಗುಂಪಿದೆ. ಗೋಡೆಗೆ ಹೋಗಿ ಮುಟ್ಟುವ ಮೆಟ್ಟಿಲು, ಬಾಗಿಲೇ ಇಲ್ಲದ ಬಾಲ್ಕನಿ, ಒಲೆಯ ಮೇಲೆ ತೆರೆಯುವ ಕಪಾಟು. ಸೊಸೆ ನಮ್ಮ ಕಟ್ಟೆಯ ಫೋಟೋ ಹಾಕಿ ನನ್ನನ್ನೂ ಆ ಗುಂಪಿಗೆ ಸೇರಿಸಿದಳು. "ಜೇಡಗಳ ವಿಐಪಿ ಗ್ಯಾಲರಿ" ಎಂದ ಒಬ್ಬ. "ಜಗಳ ಆದ ದಿನ ಗಂಡ ಮಲಗೋ ಜಾಗ" ಎಂದಳು ಒಬ್ಬಳು. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಬಣ್ಣದವನು ಏಣಿ ತಂದ ದಿನ ಸೊಸೆಯ ತಲೆ ಇನ್ನೂ ಜೋರಾಗಿ ಓಡಿತು. ಮೊಮ್ಮಗಳ ಬಟ್ಟೆಬೊಂಬೆಯನ್ನು ಅವನ ಕೈಲಿ ಕಟ್ಟೆಯ ತುದಿಯಲ್ಲಿ ಕೂರಿಸಿ, "ಕೊನೆಗೂ ಬಾಡಿಗೆಗೆ ಬಂದರು" ಎಂದು ಇನ್ನೊಂದು ಫೋಟೋ ಹಾಕಿದಳು.

ಬಣ್ಣದವನು ಕಟ್ಟೆಯನ್ನು ಬೆರಳಿನಿಂದ ಕುಟ್ಟಿ ನೋಡಿದ. "ಒಳಗೆಲ್ಲ ಟೊಳ್ಳು ಕಣಮ್ಮ. ಬರೀ ಜಿಪ್ಸಂ ಹಲಗೆ. ಬೊಂಬೆ ಇರ್ಲಿ, ಹೂವಿನ ಕುಂಡ ಗಿಂಡ ಇಡೋಕೆ ಹೋಗ್ಬೇಡಿ."

ಅವನು ಏಣಿ ಹೊತ್ತುಕೊಂಡು ಹೋದ. ಬೊಂಬೆ ಅಲ್ಲೇ ಉಳಿಯಿತು.

ಮೊಮ್ಮಗಳಿಗೆ ನಾಲ್ಕು ವರ್ಷ. ನಿಂತಲ್ಲಿ ನಿಲ್ಲದ ಹುಡುಗಿ, ಅದಕ್ಕೇ ಗಿರಗಿಟ್ಲೆ ಎಂದು ಕರೆಯುತ್ತೇವೆ. "ನನ್ನ ಪಾಪು ಯಾವಾಗ ಕೆಳಗೆ ಬರುತ್ತೆ?" ಎಂದು ದಿನಾ ಕೇಳುತ್ತಿದ್ದಳು. "ಪಾಪು ಈಗ ಫೇಮಸ್ ಕಣೇ, ಇನ್ನೆರಡು ದಿನ ಇರ್ಲಿ" ಎನ್ನುತ್ತಿದ್ದಳು ಅವಳಮ್ಮ.

ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತಳಾದವಳು. ನಾನು "ಹೋಲ್ಡಾನ್" ಎಂದರೆ ಬಸ್ಸಿರಲಿ, ರಸ್ತೆಯ ಮೇಲಿನ ಎಮ್ಮೆಯೂ ನಿಲ್ಲುತ್ತಿತ್ತು. ಈಗ ಆ ಗಂಟಲು ಮನೆಯವರ ಮೇಲೆ ಖರ್ಚಾಗುತ್ತದೆ. ಫೋಟೋ ತೆಗೆಯುವಾಗ ಗಿರಗಿಟ್ಲೆಯನ್ನು ನಿಲ್ಲಿಸುವುದು ನನ್ನ ಕೆಲಸ. "ಹೋಲ್ಡಾನ್" ಎಂದರೆ ಹಲ್ಲು ಕಿರಿದು ಕಲ್ಲಾಗುತ್ತಾಳೆ. "ರೈಟ್ ರೈಟ್" ಎನ್ನುವವರೆಗೆ ಅಲ್ಲಾಡುವಂತಿಲ್ಲ. ನಮಗಿಬ್ಬರಿಗೆ ರಿವರ್ಸ್ ಆಟವೂ ಉಂಟು. ನಾನು ಅವಳ ಹಿಂದೆ ನಿಂತು ಕುರ್ಚಿ ತಟ್ಟುತ್ತಾ "ಬರ್ಲಿ, ಬರ್ಲಿ" ಎಂದರೆ ಅಂಬೆಗಾಲಿನಲ್ಲಿ ಹಿಂದಕ್ಕೆ ಬರಬೇಕು. ತಿರುಗಿ ನೋಡಿದರೆ ಔಟ್.

ಆ ಮಧ್ಯಾಹ್ನ ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಗಿರಗಿಟ್ಲೆ ಮಹಡಿಯ ಕೋಣೆಯಲ್ಲಿ ಮಲಗಿದ್ದಳು. ನಾನು ಸೋಫಾದಲ್ಲಿ ಕೂತು ಒಗೆದ ಬಟ್ಟೆ ಮಡಚುತ್ತಿದ್ದೆ. ಮಗನ ಕಪ್ಪು ಅಂಗಿಯ ಮೇಲೆ ಬಿಳಿ ಪುಡಿ ಉದುರಿತು. ಕೊಡವಿದೆ. ಮತ್ತೆ ಉದುರಿತು. ಈ ಮನೆಗಿಷ್ಟು ಬೆಂಕಿ ಹಾಕ ಎಂದು ಬೈಯುತ್ತಾ ತಲೆಯೆತ್ತಿದೆ.

ಕಟ್ಟೆಯ ಮೇಲೆ ಎರಡು ಪುಟ್ಟ ಅಂಗಾಲುಗಳು ಕಂಡವು.

ಕಿಟಕಿ ತೆರೆದಿತ್ತು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಕಟ್ಟೆಗೆ ಇಳಿದು ಬೊಂಬೆಯ ಕಡೆಗೆ ತೆವಳುತ್ತಿದ್ದಳು. ಅವಳ ಕೆಳಗೆ ನೇರಕ್ಕೆ ಗಾಜಿನ ಟೀಪಾಯಿ, ಅದರ ಸುತ್ತ ಗ್ರಾನೈಟ್ ನೆಲ. ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ನನ್ನ ಗಂಟಲು ಕೇಳಿ ಬೆಚ್ಚಿದರೆ ಕಥೆ ಮುಗಿಯಿತು.

"ಹೋಲ್ಡಾನ್," ಎಂದೆ. ಜೀವಮಾನದಲ್ಲಿ ಅಷ್ಟು ಮೆಲ್ಲಗೆ ನಾನು ಅದನ್ನು ಹೇಳಿರಲಿಲ್ಲ.

ಅವಳು ನಿಂತಳು. "ಫೋಟೋನಾ ಅಜ್ಜಿ?"

"ಹೂಂ ಚಿನ್ನ. ಅಲ್ಲಾಡ್ಬಾರ್ದು. ನಾನು ಮೇಲೆ ಬಂದು ತೆಗೀತೀನಿ."

ಕೆಳಗೇ ನಿಂತು ಕೈಯೊಡ್ಡಲೇ, ಮೇಲೆ ಓಡಲೇ? ಅಷ್ಟೆತ್ತರದಿಂದ ಬಿದ್ದರೆ ಈ ಮುದಿ ತೋಳುಗಳು ಹಿಡಿದಾವೆಂಬ ನಂಬಿಕೆ ನನಗಿರಲಿಲ್ಲ. ಮೆಟ್ಟಿಲ ಕಡೆಗೆ ಓಡಿದೆ. ಮೊಣಕಾಲು ನೋವು ಅಂದು ಎಲ್ಲಿ ಹೋಗಿತ್ತೋ. ಮೆಟ್ಟಿಲು ತಿರುಗುವಲ್ಲಿ ಅವಳು ಕಣ್ಮರೆಯಾದಳು. ಅದೇ ಹೊತ್ತಿಗೆ ಸೋಫಾದ ಮೇಲಿದ್ದ ನನ್ನ ಫೋನು ಟಿಂಗ್ ಎಂದಿತು. ಸದ್ದಿಗೆ ತಿರುಗಿದಳೇನೋ, ಈಗ ಬಿದ್ದಳೇನೋ ಎಂದು ಕಿವಿಯೆಲ್ಲ ಕೆಳಗೇ ಇತ್ತು. ದೇವರೇ, ಅವಳು ಒಂದೇ ಒಂದು ಸಲ ಹೇಳಿದ ಮಾತು ಕೇಳಲಿ ಎಂದುಕೊಂಡು ಹತ್ತಿದೆ.

ಕಿಟಕಿಗೆ ಬಂದು ಸೊಂಟದವರೆಗೆ ಹೊರಚಾಚಿದರೂ ಅವಳ ಕಾಲು ಸಿಗಲಿಲ್ಲ. ಇನ್ನೂ ಒಂದು ಮಾರು ದೂರ. ಕಟ್ಟೆ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನಾನು ನೋಡುತ್ತಿದ್ದಂತೆಯೇ ಅದು ಉದ್ದವಾಯಿತು.

ಕಿಟಕಿಯ ಚೌಕಟ್ಟನ್ನು ತಟ್ಟಿದೆ. "ಬಸ್ ರಿವರ್ಸ್. ಬರ್ಲಿ... ಬರ್ಲಿ..."

"ಪಾಪು?" ಅವಳ ಕೈ ಮುಂದಕ್ಕೇ ಚಾಚಿತ್ತು.

"ಪಾಪು ಹಿಂದಿನ ಬಸ್ಸಿಗೆ ಬರುತ್ತೆ. ಬರ್ಲಿ."

ಸ್ವಲ್ಪ ಹೊತ್ತು ಯೋಚಿಸಿದಳು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಸತ್ತು ಹುಟ್ಟಿದೆ. ಆಮೇಲೆ ಒಂದು ಮೊಣಕಾಲು ಹಿಂದೆ ಸರಿಯಿತು, ಇನ್ನೊಂದು ಸರಿಯಿತು.

"ತಿರುಗಿ ನೋಡಿದ್ರೆ ಔಟ್ ಅಲ್ವಾ ಅಜ್ಜಿ?"

"ಔಟ್," ಎಂದೆ. "ಬರ್ಲಿ, ಬರ್ಲಿ."

ಲಟ್ ಎಂದಿತು. ಕಟ್ಟೆ ಎರಡು ಬೆರಳಿನಷ್ಟು ಕುಸಿಯಿತು.

"ಹೋಲ್ಡಾನ್!"

ನಿಂತಳು. ಅವಳ ಎಡಗಾಲಿನ ಹೆಬ್ಬೆರಳು ನನ್ನ ಬೆರಳ ತುದಿಗೆ ತಾಗುತ್ತಿತ್ತು, ಹಿಡಿತಕ್ಕೆ ಸಿಗುತ್ತಿರಲಿಲ್ಲ. ಒಂದು ಕಾಲನ್ನು ಮಂಚದ ಕಂಬಿಗೆ ಸಿಕ್ಕಿಸಿ ಇನ್ನಷ್ಟು ಹೊರಗೆ ಜೋತುಬಿದ್ದೆ. ಪಾದ ಸಿಕ್ಕಿತು, ಲಂಗ ಸಿಕ್ಕಿತು, ಸೊಂಟ ಸಿಕ್ಕಿತು. ಎಳೆದುಕೊಂಡು ಇಬ್ಬರೂ ಮಂಚದ ಮೇಲೆ ಬಿದ್ದೆವು. ಆಚೆ ಕಟ್ಟೆ ಬೊಂಬೆಯ ಸಮೇತ ಕಳಚಿಕೊಂಡು ಟೀಪಾಯಿಯ ಮೇಲೆ ಬಿತ್ತು. ಗಾಜು ಒಡೆದ ಸದ್ದು ಮನೆಯೆಲ್ಲ ತುಂಬಿತು.

ಕೆಳಗಿನಿಂದ ಮತ್ತೆ ಟಿಂಗ್ ಎಂದಿತು. ಯಾರೋ ಬೊಂಬೆಯ ಫೋಟೋ ನೋಡಿ ನಕ್ಕಿದ್ದರು.

ಗಿರಗಿಟ್ಲೆ ನನ್ನ ತೋಳಿನಲ್ಲಿ ಸೆಟೆದುಕೊಂಡೇ ಇದ್ದಳು. ಉಸಿರು ಬಿಗಿಹಿಡಿದಿದ್ದಳು, ಫೋಟೋದ ಹಲ್ಲು ಹಾಗೇ ಕಿರಿದಿತ್ತು.

"ಅಜ್ಜಿ," ಎಂದಳು ತುಟಿ ಅಲ್ಲಾಡಿಸದೆ, "ರೈಟ್ ಹೇಳು."

ಹೇಳಲಾಗಲಿಲ್ಲ. ಹೇಳಿದರೆ ಇಳಿದು ಓಡುತ್ತಾಳೆ. ಸೊಸೆ ಬಂದು ಗಾಜಿನ ಚೂರು ಕಂಡು ಕಿರುಚಿಕೊಂಡು ಮೆಟ್ಟಿಲು ಹತ್ತಿ ಬರುವವರೆಗೂ ನಾನು ಅವಳನ್ನು ಅವುಚಿಕೊಂಡೇ ಕೂತಿದ್ದೆ. ರೈಟ್ ಎನ್ನಲಿಲ್ಲ.