ಗೂಡಿನ ತಟ್ಟೆ

ಮುರುಮದ ಕಿರಾಣಿ ವ್ಯಾಪಾರಿ ವೈಜನಾಥರ ಹೆಂಡತಿ ಕುಸುಮಬಾಯಿ ಆ ವರ್ಷ ಎಷ್ಟು ದೇವರಿಗೆ ಹರಕೆ ಹೊತ್ತಿದ್ದಳೋ, ಆ ದೇವರುಗಳಿಗೇ ಗೊತ್ತು. ಮಗಳು ಪ್ರಣಿತಾಳಿಗೆ ಇಪ್ಪತ್ತೊಂಬತ್ತು ತುಂಬಿತ್ತು, ಐದು ಸಂಬಂಧ ಮುರಿದಿದ್ದವು. ಆರನೆಯವನು ಉದಗೀರದ ಸಂಜುಕುಮಾರ. ಫಿಲಿಪ್ಪೀನ್ಸಿಗೆ ಡಾಕ್ಟರಿ ಓದಲು ಹೋಗಿ, ಅರ್ಧಕ್ಕೇ ಬಿಟ್ಟು, ಕಾಫಿ ಮಾಡುವುದನ್ನು ಕಲಿತು ಬಂದ ಪುಣ್ಯಾತ್ಮ! ಹುಡುಗಿಯನ್ನು ನೋಡಿ ಒಪ್ಪಿದ್ದ. ಇವರು ಅವನ ಕಾಫಿ ಅಂಗಡಿ ನೋಡಿ ಹೂಂ ಅಂದರೆ ಮುಂದಿನ ಸೋಮವಾರ ನಿಶ್ಚಯ.

ಮಧ್ಯಾಹ್ನ ಮೂವರೂ ಕಾರಿನಲ್ಲಿ ಉದಗೀರಕ್ಕೆ ಬಂದರು. ಅಂಗಡಿಯಲ್ಲಿ ಬೇರೆ ಗಿರಾಕಿ ಒಬ್ಬರೂ ಇರಲಿಲ್ಲ. ಸೂರಿನಿಂದ ಚಿಪ್ಪಿನ ನಕ್ಷತ್ರಗಳು ತೂಗುತ್ತಿದ್ದವು, ಗೋಡೆಯ ಮೇಲೆ ಆ ದೇಶದ ಬಣ್ಣಬಣ್ಣದ ಜೀಪಿನ ಚಿತ್ರ. ಗಾಜಿನ ಪೆಟ್ಟಿಗೆಯಲ್ಲಿ ನೇರಳೆ ಗೆಣಸಿನ ಕೇಕು, ಬಾಳೆ ಎಲೆಯ ಮೇಲೆ ಬೆಲ್ಲ, ತೆಂಗಿನಹಾಲು ಹಾಕಿ ಬೇಯಿಸಿದ ಜಿಗುಟು ಅನ್ನ.

"ಥೇಟ್ ನಮ್ಮ ಹುಗ್ಗಿ ಇದ್ದಂಗ ಅದ," ಎಂದಳು ಕುಸುಮಬಾಯಿ.

"ಹೌದ್ರೀ ಕಾಕು. ಯಾವುದರಾಗೂ ತತ್ತಿ ಹಾಕಿಲ್ಲ, ಕಾಳಜಿ ಬಿಡ್ರಿ. ಕೂಡ್ರಿ, ಕಾಫಿ ತರ್ತೀನಿ," ಎಂದು ಸಂಜುಕುಮಾರ ಒಳಗೆ ಹೋದ.

ಹುಡುಗ ಮೆತ್ತಗೆ ಮಾತಾಡುತ್ತಾನೆ, ಚೊಕ್ಕ ಇದ್ದಾನೆ. ಕುಸುಮಬಾಯಿಯ ಎದೆ ಹಗುರಾಯಿತು. ಆಗಲೇ ಮೂಲೆಯ ಗೂಡು ಕಣ್ಣಿಗೆ ಬಿತ್ತು. ಹಾಡುಹಗಲಲ್ಲಿ ದೀಪ, ರಾಶಿ ಹೂವು, ಮುಂದೆ ತಟ್ಟೆಯಲ್ಲಿ ಅದೇ ಅನ್ನ, ಪಕ್ಕದಲ್ಲಿ ಒಂದು ಕಪ್ ಕರೀ ಕಾಫಿ. ಅಬ್ಬಾ, ಹುಡುಗನಿಗೆ ದೇವರ ಮೇಲೆ ಭಕ್ತಿಯೂ ಉಂಟು! ಯಾವ ದೇವರಾದರೇನು, ಕೈ ಮುಗಿದ ಮೇಲೆ ಪ್ರಸಾದ ತಗೊಳ್ಳದೆ ಬಂದ ಹೆಂಗಸೇ ಅಲ್ಲ ಅವಳು. ತಟ್ಟೆಯನ್ನೇ ಎತ್ತಿ ತಂದು ಮಗಳ ಅಂಗೈಗೆ ಸುರಿದಳು.

"ಕಣ್ಣಿಗೊತ್ತಿಕೊಂಡು ತಿನ್ನು. ಒಂದಗಳೂ ಬಿಡಬ್ಯಾಡ."

ಅವರ ಮನೆಯಲ್ಲಿ ಪ್ರಸಾದದ ತಟ್ಟೆ ತೊಳೆದ ನೀರನ್ನೂ ಕುಡಿಯುವ ರೂಢಿ. ಪ್ರಣಿತಾ ತಿಂದು ಅಂಗೈಯನ್ನೂ ನೆಕ್ಕಿದಳು.

ಸಂಜುಕುಮಾರ ಟ್ರೇ ಹಿಡಿದು ಬಂದವನು ಬರಿದಾದ ತಟ್ಟೆ ಕಂಡು ನಿಂತುಬಿಟ್ಟ. ಕಪ್ಪುಗಳಿಂದ ಕಾಫಿ ಬಶಿಗೆ ಚೆಲ್ಲಿತು.

"ಯಾರು ತಿಂದ್ರಿ?"

"ಪ್ರಸಾದಪಾ, ನಾನೇ ಕೊಟ್ಟೆ..."

"ಅದು ದೇವ್ರದ್ದಲ್ಲ ರೀ ಕಾಕು. ಸತ್ತವರ ಪಾಲು ಅದು. ಆ ದೇಶದಾಗ ಅದನ್ನ ಯಾರೂ ಮುಟ್ಟಂಗಿಲ್ಲ."

ಕುಸುಮಬಾಯಿ ಹೂವು ಸರಿಸಿದಳು. ಹಿಂದೆ ಒಂದು ಫೋಟೋ. ಗಿಡ್ಡ ಮೂಗಿನ ಎಳೆಯ ಹೆಣ್ಣು, ಕೊರಳಲ್ಲಿ ಕರಿಮಣಿ. ನಮ್ಮ ಕರಿಮಣಿ.

"ಯಾರೋ ಇಕಿ?" ವೈಜನಾಥರು ಎದ್ದು ನಿಂತರು.

"ನನ್ನ ಹೆಂಡ್ತಿ. ಮರಿಸೆಲ್." ಅವನು ನೆಲ ನೋಡುತ್ತಲೇ ಹೇಳಿದ. "ಹೋದ ವರ್ಷ ಇದೇ ದಿನ ಅಲ್ಲೇ ತೀರಿಹೋದಳು. ಇಡೀ ದಿನ ಫೋನ್ ಮಾಡಿದಳು, ನಾ ಎತ್ತಲಿಲ್ಲ. ಇಲ್ಲಿ ಅಣ್ಣನ ಸಂಗಟ ನನಗೊಂದು ಹೆಣ್ಣು ನೋಡಾಕ ಹೋಗಿದ್ದೆ."

"ಥೂ ನಿನ್ನ!" ಎಂದು ವೈಜನಾಥರು ಗುಡುಗಿದರು. "ನನ್ನ ಮಗಳೇ ಸಿಕ್ಕಳೇನು? ಏಳ್ರಿ, ನಡೀರಿ!"

ಸಂಜುಕುಮಾರ ಬಾಗಿಲಿಗೆ ಅಡ್ಡ ಬಂದು ಕೈ ಜೋಡಿಸಿದ. "ಲಗ್ನ ಬ್ಯಾಡ್ರೀ, ಬಿಡ್ರಿ. ಆದ್ರ ಈಗ ಹೋಗಬ್ಯಾಡ್ರಿ. ಉಂಡವರೇ ತಮ್ಮ ಕೈಲೆ ತಿರುಗಿ ಇಟ್ಟು ತಪ್ಪಾತು ಅನಬೇಕು. ಇಲ್ಲಂದ್ರ ಆಕಿ ತನ್ನ ಪಾಲು ಹುಡುಕ್ಕೊಂಡು ಅವರ ಬೆನ್ನ ಹತ್ತತಾಳ. ಒಂದ್ ತಾಸು ತಡೀರಿ, ಅನ್ನ ಬೇಯಿಸ್ತೀನಿ."

ವೈಜನಾಥರು ಅವನನ್ನು ತಳ್ಳಿ ಹೊರಬಿದ್ದರು. ಕುಸುಮಬಾಯಿಗೂ ಅಲ್ಲಿ ಕ್ಷಣ ನಿಲ್ಲುವುದು ಬೇಡವಾಗಿತ್ತು. ಬಚಾವಾಯಿತು ಮಗಳ ಬಾಳು ಎಂದು ದಾರಿಯುದ್ದಕ್ಕೂ ಶಿವನಾಮ ಹೇಳಿದಳು. ಗಂಡ ಮುಂದೆ ಕೂತು ಕಾರು ನಡೆಸುತ್ತ ಬೈಯುತ್ತಲೇ ಇದ್ದರು. ಹಿಂದಿನ ಸೀಟಿನಲ್ಲಿ ತಾಯಿ, ಮಗಳು ಇಬ್ಬರೇ. ಪ್ರಣಿತಾ ಅಂಗೈಯನ್ನೇ ನೋಡುತ್ತಿದ್ದಳು. ಪಾಪ, ಆರನೆಯದೂ ಹೋಯಿತೆಂದು ಕೂಸಿಗೆ ಸಂಕಟ, ಅಂದುಕೊಂಡಳು ಕುಸುಮಬಾಯಿ.

ನಿಲಂಗಾ ಊರು ಹತ್ತಿರ ಬಂತು. ಬಿಸಿಲು ಇನ್ನೂ ಇತ್ತು.

"ಅವ್ವಾ," ಎಂದಳು ಪ್ರಣಿತಾ ಮೆತ್ತಗೆ, "ಒಂಚೂರು ಆ ಕಡಿ ಸರಿ. ಆಕಿಗೆ ಕೂಡಾಕ ಜಾಗಾ ಸಾಲವಲ್ದು."

ಕುಸುಮಬಾಯಿ ಮಗಳ ಅಂಗೈ ನೋಡಿದಳು. ಕೊಟ್ಟ ಕೈ ತನ್ನದೇ. ಬಾಗಿಲಿಗೆ ಒತ್ತಿಕೊಂಡು ಸರಿದು ಕೂತಳು. ಆಮೇಲೆ ಗಂಡನ ಹೆಗಲು ಹಿಡಿದು ಚೀರಿದಳು.

"ಗಾಡಿ ಹೊಳ್ಳಸ್ರೀ! ಆ ಹುಡುಗನ ಕಾಲ ಬಿದ್ದರೂ ಚಿಂತಿಲ್ಲ, ಮೊದಲ ಹೊಳ್ಳಸ್ರೀ!"