ಎರವಲು ನಿಲುಗನ್ನಡಿ

ಟಿಕ್ ಟಿಕ್ ಅನ್ನುವುದೇನು, ಒಲೆಯಲ್ಲಿ ಹಸಿ ಸೌದೆಯೇ, ಅಲ್ಲ, ಜಗಲಿಯ ಗಡಿಯಾರ, ನಿನ್ನೆ ಸಂಜೆ ಬಂದದ್ದು, ಕಿವಿಗೆ ಇನ್ನೂ ಒಗ್ಗಿಲ್ಲ — ಗಡಿಯಾರ, ನಿಲುಗನ್ನಡಿ, ಬೀಟೆ ಕುರ್ಚಿಗಳು, ಗಾಜಿನ ತೂಗುದೀಪ, ಎಲ್ಲವೂ ಪರಮೇಶ್ವರಪ್ಪನವರ ಎಸ್ಟೇಟ್ ಬಂಗಲೆಯಿಂದ ಹುಲ್ಲು ಹಾಸಿದ ಗಾಡಿಯಲ್ಲಿ ಬಂದವು, ಹೆಣ್ಣು ನೋಡುವ ದಿನ ಒಬ್ಬರ ಮನೆ ಸಾಮಾನು ಇನ್ನೊಬ್ಬರ ಜಗಲಿ ಏರುವುದು ಬಾಳೂರಿಗೆ ಹೊಸದಲ್ಲ, ತುಂಗಮ್ಮ, ಕನ್ನಡಿ ಜೋಪಾನ ಕಣೇ, ನಾಳೆ ಹಾಗೇ ವಾಪಸು ಬರ್ಬೇಕು ಅಂದರು ಬಂಗಲೆಯ ಯಜಮಾನಿ, ದೇವ್ರ ಒಡವೆ ಹಂಗೆ ನೋಡ್ಕೋತೀನಿ ಅಕ್ಕಾ ಅಂದೆ. ಎರಡು ಸಂಬಂಧದವರು ಬರಿಯ ಬೆಂಚು ನೋಡಿ ಎದ್ದುಹೋದರು, ಮಗಳು ಸರೋಜಳಿಗೆ ಇಪ್ಪತ್ತು ತುಂಬಿತು, ಇದೊಂದಾದರೂ ಕೂಡಲಿ ತಾಯಿ ಅನ್ನಪೂರ್ಣೆ — ಕೂಡಿಯೇ ಇತ್ತಲ್ಲ, ಗಂಡಿನ ತಂದೆ, ಬಣಕಲ್ಲಿನ ಓಂಕಾರಪ್ಪನವರು, ಒಪ್ಪಿಗೆ ಅಂದಾಗಿತ್ತು, ತಾಂಬೂಲ ಬದಲಾಯಿಸುವುದಷ್ಟೇ ಬಾಕಿ, ಆಗಲೇ ಬರಬೇಕೇ ಮೂಡಿಗೆರೆಯಿಂದ ಈ ತೆರಿಗೆ ಅಧಿಕಾರಿ.

ಅಡಿಗೆಮನೆ ಬಾಗಿಲ ಸಂದಿನಿಂದ ನನಗೆ ಕಾಣುವುದು ಕನ್ನಡಿ ಮಾತ್ರ, ಕನ್ನಡಿಯೊಳಗೆ ಆ ಅಧಿಕಾರಿಯ ಮುಖ, ಶಾಯಿ ಪೆನ್ಸಿಲನ್ನು ನಾಲಿಗೆಗೆ ಒತ್ತಿ ಒತ್ತಿ ತುಟಿಯೆಲ್ಲ ನೇರಳೆ ಬಣ್ಣ. ಕರೆದವರು ಇವರೇ, ನಮ್ಮ ಯಜಮಾನರೇ, ಹೋದ ತಿಂಗಳು ಅರ್ಜಿ ಬರೆದು, ಕಾಫಿ ವ್ಯಾಪಾರದಲ್ಲಿ ಏನೂ ಗಿಟ್ಟುತ್ತಿಲ್ಲ, ತೆರಿಗೆ ಕಟ್ಟುವ ಶಕ್ತಿಯಿಲ್ಲ, ಮನೆಯಲ್ಲಿ ಒಂದು ಬೆಂಚಿನ ಹೊರತು ಕೂರಲು ಏನೂ ಇಲ್ಲ, ಬಂದು ನೋಡಬಹುದು — ಬಂದು ನೋಡಿ ಅಂತೆಲ್ಲ ಯಾಕೆ ಬರೀತೀರಿ ಅಂದೆ, ನಿಜಕ್ಕೆಂಥ ಹೆದರಿಕೆಯೇ ಅಂದರು, ನಿಜವೇ ಆಗಿತ್ತು, ಬೆಂಚು ಈಗ ಕೊಟ್ಟಿಗೆಯಲ್ಲಿದೆ.

ಸುಬ್ಬಣ್ಣನವರೇ, ಬೆಂಚೆಲ್ಲಿ? ಅಧಿಕಾರಿ ಕೇಳಿದ್ದು ಇವರನ್ನು, ನಗುವುದು ಓಂಕಾರಪ್ಪನವರು, ಬೆಂಚು ಯಾಕೆ ಮಾರಾಯ್ರೆ, ಕುರ್ಚೀಲಿ ಕೂತ್ಕಳಿ, ನಮ್ಮ ಬೀಗರ ಮನೇಲಿ ಕುರ್ಚಿಗೇನು ಬರಗಾಲವೇ — ಬೀಗರು, ಎಷ್ಟು ವರ್ಷ ಕಾದ ಮಾತು, ಈ ಹೊತ್ತಿನಲ್ಲಿ ಬಂತು. ಈ ಕನ್ನಡಿ ನಿಮ್ಮದೋ? ನೇರಳೆ ತುಟಿ. ಅಲ್ಲವೆಂದರೆ ಓಂಕಾರಪ್ಪನವರು ಎದ್ದರು, ಹೌದೆಂದರೆ ಅರ್ಜಿ ಸುಳ್ಳಾಯಿತು, ತೆರಿಗೆ, ಅದರ ಮೇಲೆ ದಂಡ, ಹಳ್ಳದ ಬದಿಯ ನಮ್ಮ ತುಂಡು ಕಾಫಿ ತೋಟ ಮಾರಿದರೂ ಸಾಲದು, ನಾನು ಹೋಗಿ ಹೇಳಲೇ, ಗಂಡಸರ ನಡುವೆ, ಹೇಳುವುದಾದರೂ ಏನನ್ನು, ಯಾರ ಪರವಾಗಿ, ಕಳಸೇಶ್ವರಾ, ನಿನ್ನ ಮುಂದೆ ಕೈ ಮುಗಿದೆ, ಯಾವುದನ್ನು ಬೇಡಲಿ ಅಂತ ತೋಚುವುದಿಲ್ಲ, ಸರೋಜ ನನ್ನ ಸೆರಗು ಹಿಡಿದಿದ್ದಾಳೆ, ಹೊಸ ಬಳೆ ಸದ್ದಾಗದಂತೆ, ಅಮ್ಮಾ, ಅಪ್ಪಯ್ಯ ಯಾಕೆ ಮಾತಾಡ್ತಿಲ್ಲ —

ನಮ್ದೇ ಸ್ವಾಮಿ.

ಅದು ಇವರ ದನಿಯೇ, ಗುಡಿಯಲ್ಲಿ ಹರಕೆ ಹೇಳಿಕೊಳ್ಳುವಾಗಿನಷ್ಟು ಮೆತ್ತಗೆ. ಮತ್ತೆ! ಇನ್ನೇನು ಕಂಡೋರದ್ದಾ, ಓಂಕಾರಪ್ಪನವರ ನಗು ಸೂರಿಗೆ ಮುಟ್ಟುತ್ತದೆ, ಪೆನ್ಸಿಲು ನಾಲಿಗೆಗೆ ಹೋಗುತ್ತದೆ, ಕಾಗದಕ್ಕೆ ಬರುತ್ತದೆ, ಅಧಿಕಾರಿ ತಲೆಯೆತ್ತಿ, ಈ ತೂಗುದೀಪ? ನಮ್ದೇ. ಸರೋಜ ಸೆರಗು ಬಿಟ್ಟಳು. ಪೆನ್ಸಿಲು ನಾಲಿಗೆಗೆ. ಈ ಕುರ್ಚಿಗಳು? ನಮ್ದೇ. ಇನ್ನೂ ಗಡಿಯಾರವಿದೆ, ಕನ್ನಡಿಯೊಳಗೆ ಆ ನೇರಳೆ ತುಟಿ ಮತ್ತೆ ತೆರೆಯುತ್ತಿದೆ, ಆ ನೇರಳೆ ತುಟಿ —