ಜಟಗನ ಭಂಗಿ ಗಿಡ

ತೋಡೂರಿನ ಸೋಮನ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಒಂದು ಭಂಗಿ ಗಿಡ ಇತ್ತು. ಪೇಪರಿನವರು ಗಾಂಜಾ ಎಂದು ಬರೆಯುತ್ತಾರಲ್ಲ, ಅದೇ. ಆ ಮನೆಯಲ್ಲಿ ಮಾತ್ರ ಅದು ಜಟಗ ದೇವರ ಗಿಡ. ಹೊಸ ಅಕ್ಕಿ ಉಣ್ಣುವ ಮೊದಲು ಮರದಡಿಯ ಜಟಗನಿಗೆ ಬೆಲ್ಲದ ಜೊತೆ ಒಂದು ಚಿಟಿಕೆ ಸೊಪ್ಪಿಟ್ಟು, ಗಂಡಸರು ಪ್ರಸಾದವೆಂದು ಬಾಯಿಗೆ ಹಾಕಿಕೊಳ್ಳುವುದು ಅಜ್ಜನ ಕಾಲದಿಂದ ಬಂದದ್ದು. ಕೀಳುವುದಿದ್ದರೆ ನೆಟ್ಟವನೇ ಕೀಳಬೇಕು, ಬೇರೆಯವರು ಕಿತ್ತರೆ ನೆಟ್ಟವನ ಜೀವಕ್ಕೆ ಕೇಡು ಎಂದು ಸೋಮನ ಹೆಂಡತಿ ನಾಗಮ್ಮನಿಗೆ ಅತ್ತೆ ಹೇಳಿಕೊಟ್ಟಿದ್ದಳು. ಅತ್ತೆ ಈಗಿಲ್ಲ.

ಎರಡು ಸಾವಿರದ ಆರರ ಒಂದು ಬೆಳಿಗ್ಗೆ ಪೊಲೀಸ್ ತುಳಸಿದಾಸ ಬೇಲಿಯಾಚೆ ಬೈಕು ನಿಲ್ಲಿಸಿದ. ಈ ಕಡೆಯವನೇ, ಅವನ ಅಜ್ಜನೂ ಜಟಗನ ಪ್ರಸಾದ ತಿಂದವನೇ.

"ಯಾರೋ ಸ್ಟೇಶನ್ನಿಗೆ ಫೋನ್ ಮಾಡೀರು ನಾಗಮ್ಮ. ಸಂಜಿಗೆ ಸಾಹೇಬ್ರು ಬತ್ರು. ನಾ ಎಂತದೂ ನೋಡ್ಲಿಲ್ಲ. ಅಷ್ಟ್ರೊಳಗೆ ಕಿತ್ತು ಬಿಸಾಕು."

"ಅವ್ರು ಕೆಲ್ಸಕ್ಕೆ ಹೋಗೀರು. ಬಂದ್ಮೇಲೆ ಅವ್ರೇ ಕೀಳ್ತ್ರು."

"ಅಯ್ಯೋ, ನೀನೇ ಕೀಳೇ ಮಾರಾಯ್ತಿ!"

ನಾಗಮ್ಮ ಬಗ್ಗಿ ಬುಡ ಹಿಡಿದಳು. ಎಳೆದಿದ್ದರೆ ಬರುತ್ತಿತ್ತು, ಅದೇನು ಆಲದ ಮರವೇ? ಆದರೆ ಗಂಡನ ಮುಖ ಕಣ್ಣ ಮುಂದೆ ಬಂತು, ಬಿಟ್ಟಳು. ಸೆರಗು ಸಿಕ್ಕಿಸಿಕೊಂಡು, ಗಂಡ ಕೆಲಸಕ್ಕೆ ಹೋಗುವ ನೌಕಾನೆಲೆಯ ಗೇಟಿಗೆ ಓಡಿದಳು. ಒಳಗೆ ಕೆಲಸಕ್ಕಿದ್ದವರನ್ನು ಸಂಜೆಯವರೆಗೆ ಕರೆಯುವಂತಿಲ್ಲ ಎಂದರು. ಅಲ್ಲೇ ಬಿಸಿಲಲ್ಲಿ ಕಾದು ಕೂತಳು.

ಗಂಡನನ್ನು ಕರೆದುಕೊಂಡು ಏದುಸಿರು ಬಿಡುತ್ತ ಬರುವಾಗ ಜೀಪು ಆಗಲೇ ಅಂಗಳದಲ್ಲಿತ್ತು.

"ಯಾರು ನೆಟ್ಟಿದ್ದು?" ಎಂದರು ಸಾಹೇಬರು.

"ನಾನೇ ಒಡೆಯಾ, ದೇವ್ರಿಗೆ," ಎಂದ ಸೋಮ. ಸುಳ್ಳು ಹೇಳುವುದು ಅವನಿಗೆ ಹೊಳೆಯಲೂ ಇಲ್ಲ.

ಒಬ್ಬ ಪೊಲೀಸ್ ಗಿಡಕ್ಕೆ ಕೈ ಹಾಕಿದ. "ಅಯ್ಯಯ್ಯೋ, ಅವ್ರ ಕೈಲೇ ಕೀಳ್ಸಿ, ನಿಮ್ಮ ಕಾಲಿಗೆ ಬೀಳ್ತೆ!" ಎಂದು ನಾಗಮ್ಮ ಕೂಗಿಕೊಂಡಳು. ಅವಳ ಮಾತು ಯಾರಿಗೆ ಬೇಕಿತ್ತು! ಬೇರು ಸಮೇತ ಕಿತ್ತು ಜೀಪಿಗೆ ಹಾಕಿದರು, ಸೋಮನನ್ನೂ ಹತ್ತಿಸಿದರು.

ಜಾಮೀನು ಸಿಗಲಿಲ್ಲ. ಗಂಡ ಇನ್ನು ಉಳಿಯುವುದಿಲ್ಲ ಎಂದು ಹೆದರಿ ಅನ್ನ ಬಿಟ್ಟಿದ್ದ ನಾಗಮ್ಮ ಕಾರವಾರದ ಜೈಲಿಗೆ ನೋಡಲು ಹೋದಳು.

"ಬೆಳಿಗ್ಗೆನೇ ಕಿತ್ತು ಬಿಸಾಕ್ಬೇಕಿತ್ತಲ್ಲೇ," ಎಂದ ಸೋಮ.

"ನಿಮ್ಮ ಜೀವಕ್ಕೆ ಕೇಡು ಅಂತ ಅತ್ತೆ ಹೇಳಿತ್ತು."

ಸೋಮ ಅವಳನ್ನೇ ನೋಡಿದ. "ಅದು ಹುಡುಗ್ರು ಎಲೆ ಹರ್ದು ತಿನ್ಬಾರ್ದು ಅಂತ ಅವ್ವಿ ಹೆದ್ರಿಸ್ತಿತ್ತು. ನೀನೂ ನಂಬ್ದ್ಯಾ?"

ಗಂಡ ಸಾಯುವುದಿಲ್ಲ ಎಂಬ ಸಮಾಧಾನ ಒಂದು ಗಳಿಗೆಯೂ ನಿಲ್ಲಲಿಲ್ಲ. ಹಾಗಾದರೆ ಅವನನ್ನು ಇಲ್ಲಿಗೆ ತಂದು ಹಾಕಿದವಳು ತಾನೇ ಎಂದು ತಿಳಿದು, ಅವಳು ಸರಳು ಹಿಡಿದು ಗೋಳೋ ಎಂದು ಅತ್ತಳು.